"ಎಷ್ಟು ದೂರ ಹೊಡೆಯುತ್ತೆ?" ಎಂದು ಕೇಳುವವರಿಗೆ

ದೂರದ ಬೇಟೆಗೆ ಯಾವ ತೋಟೆ ಒಳ್ಳೆಯದು? ಪ್ರಶ್ನೆ ಇಷ್ಟೇ ಆಗಿದ್ದರೆ ಕೂತು ಉತ್ತರ ಹೇಳಬಹುದು. ಆದರೆ ಅದಕ್ಕೊಂದು ಬಾಲ ಇರುತ್ತದೆ: "ಒಂದೇ ಮಾತಲ್ಲಿ ಹೇಳಿಬಿಡಿ ಸಾರ್." ಸರಿ, ತಗೊಳ್ಳಿ: 6.5 ಕ್ರೀಡ್‌ಮೂರ್ ಅನ್ನುವ ತೋಟೆ, 143 ಗ್ರೇನ್ ತೂಕದ ಗುಂಡು. ಆಯಿತಲ್ಲ? ಎಲ್ಲಿ ಆಗುತ್ತೆ! ಮರುಕ್ಷಣವೇ "ಅದು ಸಾವಿರ ಗಜ ಹೊಡೆಯುತ್ತಾ?" ಅಂತ ಬರುತ್ತದೆ. ಹೊಡೆಯುತ್ತೆ. ಎರಡು ಸಾವಿರ ಗಜದಾಚೆಗೂ ಹೋಗಿ ಬೀಳುತ್ತೆ. ಗುಂಡು ಹೋಗಿ ಬೀಳುವ ದೂರ ಒಂದು, ಜೀವ ಇರುವ ಪ್ರಾಣಿಯ ಮೇಲೆ ಈಡು ಹೊಡೆಯಬಹುದಾದ ದೂರ ಇನ್ನೊಂದು.

ಮೊದಲನೆಯದಾಗಿ, ತೋಟೆ ಬೇರೆ, ಗುಂಡು ಬೇರೆ. ಹಿತ್ತಾಳೆ ಕೇಸು, ಕಿಡಿ ಹೊತ್ತಿಸುವ ಪ್ರೈಮರ್, ಮದ್ದು, ತುದಿಯಲ್ಲಿ ಗುಂಡು, ಎಲ್ಲ ಸೇರಿದರೆ ತೋಟೆ. ನಳಿಗೆಯಿಂದ ಆಚೆ ಹಾರುವುದು ಗುಂಡು ಮಾತ್ರ. ತೋಟೆಯ ಕೆಲಸ ನಳಿಗೆಯ ಬಾಯಲ್ಲೇ ಮುಗಿಯಿತು. ಆದರೂ ಜನ ಆರು ತಿಂಗಳು ತೋಟೆಯ ಹೆಸರು ಹಿಡಿದು ಜಗಳಾಡಿ, ಕೊನೆಗೆ ಅಂಗಡಿಯಲ್ಲಿ ಯಾವ ಗುಂಡಿನ ಡಬ್ಬಿ ಇತ್ತೋ ಅದನ್ನೇ ತರುತ್ತಾರೆ. ಮದುಮಗ ಯಾರು ಅಂತ ವಿಚಾರಿಸದೆ ದಿಬ್ಬಣದ ಬಸ್ಸಿನ ಬಗ್ಗೆ ತಲೆ ಕೆಡಿಸಿಕೊಂಡ ಹಾಗೆ.

ಲೆಕ್ಕ ಹಾಕಿ ನೋಡಿ. .308 ವಿಂಚೆಸ್ಟರ್‌ನ ಸಾಮಾನ್ಯ 165 ಗ್ರೇನ್ ಬೇಟೆಗುಂಡು ಸೆಕೆಂಡಿಗೆ 2700 ಅಡಿ ವೇಗದಲ್ಲಿ ಹೊರಟಿತು ಅನ್ನಿ. 6.5 ಕ್ರೀಡ್‌ಮೂರ್‌ನ 143 ಗ್ರೇನ್ ಹಾರ್ನಡಿ ಇಎಲ್‌ಡಿ-ಎಕ್ಸ್ ಕೂಡ ಅದೇ 2700ಕ್ಕೆ ಹೊರಟಿತು. 500 ಗಜ ಮುಟ್ಟುವಾಗ ಮೊದಲನೆಯದರ ಬಳಿ ಸುಮಾರು 1800 ಉಳಿದಿರುತ್ತದೆ, ಎರಡನೆಯದರ ಬಳಿ 2030ರ ಹತ್ತಿರ. ಗಂಟೆಗೆ 10 ಮೈಲಿಯ ಅಡ್ಡಗಾಳಿ ಮೊದಲನೆಯದನ್ನು 21–22 ಇಂಚು ತಳ್ಳಿದರೆ, ಎರಡನೆಯದನ್ನು ಸುಮಾರು 15 ಇಂಚು. ಹಗುರ ಗುಂಡೇ ಗೆದ್ದಿತು. ಕಾರಣ ಅದರ ಉದ್ದ, ಸಣಕಲು ಆಕಾರ. ಗಾಳಿಯನ್ನು ಸೀಳಿಕೊಂಡು ಹೋಗುವ ಈ ಗುಣಕ್ಕೆ ಬ್ಯಾಲಿಸ್ಟಿಕ್ ಕೋಎಫಿಶಿಯೆಂಟ್, ಚಿಕ್ಕದಾಗಿ ಬಿ.ಸಿ., ಅನ್ನುತ್ತಾರೆ. ಅದನ್ನು ಅಳೆಯಲು ಎರಡು ಮಾನದಂಡಗಳಿವೆ. ಇದೇ 143 ಗ್ರೇನ್ ಗುಂಡಿಗೆ ಜಿ1 ಪ್ರಕಾರ 0.625, ಜಿ7 ಪ್ರಕಾರ 0.315. ಗುಂಡಿನ ಹಾದಿ ಲೆಕ್ಕ ಹಾಕುವ ಮೊಬೈಲ್ ಆ್ಯಪ್‌ನಲ್ಲಿ ಜಿ7 ಆರಿಸಿ 0.625 ತುಂಬಿಸಿ, "ಆ್ಯಪ್ ಸುಳ್ಳು ಹೇಳುತ್ತೆ" ಅನ್ನುವವರಿಗೆ ಏನು ಹೇಳೋಣ?

ಆ 1800 ಯಾಕೆ ಮುಖ್ಯ? ಬೇಟೆಗುಂಡು ಒಳಗೆ ಹೋದ ಮೇಲೆ ಅಣಬೆಯಂತೆ ಅರಳಬೇಕು. ಅರಳಲು ಕನಿಷ್ಠ ವೇಗ ಬೇಕು. ಸೀಸ ತುಂಬಿದ ಬಹಳಷ್ಟು ಗುಂಡುಗಳಿಗೆ ಅದು 1800ರ ಆಸುಪಾಸು, ದೂರಕ್ಕೆಂದೇ ಮೃದುವಾಗಿ ಮಾಡಿದವುಗಳಿಗೆ ಇನ್ನೂ ಕಡಿಮೆ, ಇಡೀ ತಾಮ್ರದ ಅನೇಕ ಗುಂಡುಗಳಿಗೆ 2000ದವರೆಗೂ ಬೇಕು. ಅದಕ್ಕಿಂತ ಕೆಳಗಿಳಿದರೆ ಗುಂಡು ಅರಳದೆ ಸೂಜಿಯ ಹಾಗೆ ತೂರಿ ಆಚೆ ಬರುತ್ತದೆ. ಪ್ರಾಣಿ ಓಡಿಹೋಗಿ ಎಲ್ಲೋ ನರಳಿ ಸಾಯುತ್ತದೆ. ಡಬ್ಬಿಯ ಮೇಲೆ ಇಷ್ಟು ಫುಟ್-ಪೌಂಡ್ ಶಕ್ತಿ ಅಂತ ಬರೆದಿದ್ದರೂ ಅರಳದ ಗುಂಡಿಗೆ ಅದರಿಂದ ಪ್ರಯೋಜನವಿಲ್ಲ. ಹಾಗಾಗಿ ತಯಾರಕರು ಕೊಟ್ಟ ಕನಿಷ್ಠ ವೇಗವನ್ನು ಮೊದಲು ಹುಡುಕಿ. ನಿಮ್ಮ ಗುಂಡು ಎಷ್ಟು ಗಜದಲ್ಲಿ ಆ ವೇಗಕ್ಕೆ ಇಳಿಯುತ್ತದೋ ಅದೇ ನಿಮ್ಮ ಗಡಿ. ಡಬ್ಬಿಯಲ್ಲಿರುವ ವೇಗ ಹೆಚ್ಚಾಗಿ 24 ಇಂಚಿನ ನಳಿಗೆಯದು. ನಿಮ್ಮದು 20 ಇಂಚಾದರೆ ಇಂಚಿಗೆ 25 ಅಡಿಯಂತೆ ನೂರು ಅಡಿ ಕಳೆಯಿರಿ, ಅಥವಾ ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಅಳೆಯಿರಿ.

ಉಲ್ಟಾ ಅಪಾಯವೂ ಇದೆ, ಅದನ್ನು ಯಾರೂ ಕೇಳುವುದಿಲ್ಲ. ದೂರಕ್ಕೆಂದು ಮೃದು ಗುಂಡು ಹಾಕಿಕೊಂಡು ಕಾದಿರುತ್ತೀರಿ, ಪ್ರಾಣಿ 40 ಗಜದಲ್ಲಿ ಪೊದೆಯಿಂದ ಎದ್ದು ಬರುತ್ತದೆ. ಹೆಚ್ಚು ಮದ್ದಿನ ಮ್ಯಾಗ್ನಮ್ ತೋಟೆಯ ವೇಗದಲ್ಲಿ ಭುಜದ ಮೂಳೆಗೆ ಬಡಿದರೆ ಆ ಗುಂಡು ಮೇಲೆಯೇ ಚೂರುಚೂರಾಗಬಹುದು. ಗಾಯ ಅಗಲ, ಆಳ ಇಲ್ಲ. ಅದಕ್ಕೇ ಸೀಸವನ್ನು ತಾಮ್ರದ ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡುಗಳು ಬಂದದ್ದು. ಭಾರೀ ಪ್ರಾಣಿ, ಹತ್ತಿರದ ಸಾಧ್ಯತೆಯೂ ಉಂಟು ಅಂದರೆ ಬಿ.ಸಿ. ಸ್ವಲ್ಪ ಬಿಟ್ಟುಕೊಟ್ಟು ಬಾಂಡೆಡ್ ಆರಿಸಿ.

ಗುರಿ ಸ್ಪರ್ಧೆಗೆಂದು ಮಾಡಿದ ಮ್ಯಾಚ್ ಗುಂಡಿನ ತುದಿಯಲ್ಲಿರುವ ತೂತು ನೋಡಿ "ಇದೂ ಅರಳುವ ಹಾಲೋ ಪಾಯಿಂಟ್ ತಾನೇ?" ಅನ್ನಬೇಡಿ. ಅದರ ಹೊದಿಕೆಯನ್ನು ಬುಡದಿಂದ ತುದಿಯ ಕಡೆಗೆ ಎಳೆದು ಮುಚ್ಚುತ್ತಾರೆ, ಕೊನೆಗೆ ಉಳಿಯುವ ಕಂಡಿ ಅದು. ಅರಳಲಿಕ್ಕೆ ಮಾಡಿದ್ದಲ್ಲ. ಕಾಗದದ ಗುರಿಗೆ ಅದ್ಭುತ, ಪ್ರಾಣಿಗೆ ಅದೃಷ್ಟ ಇದ್ದಂತೆ.

ಇನ್ನು ಟ್ವಿಸ್ಟ್, ಅಂದರೆ ಗುಂಡನ್ನು ತಿರುಗಿಸುವ ನಳಿಗೆಯೊಳಗಿನ ಸುರುಳಿ ಗೀರು. ಉದ್ದ ಗುಂಡು ನೆಟ್ಟಗೆ ಹಾರಬೇಕಾದರೆ ಬೇಗ ತಿರುಗಬೇಕು. 6.5 ಕ್ರೀಡ್‌ಮೂರ್‌ನಲ್ಲಿ ಸಾಮಾನ್ಯವಾಗಿ 8 ಇಂಚಿಗೆ ಒಂದು ಸುತ್ತು, ಹಳೆಯ .270 ವಿಂಚೆಸ್ಟರ್‌ಗಳಲ್ಲಿ 10 ಇಂಚಿಗೆ ಒಂದು. ಆ .270ಕ್ಕೆ ಹೊಸ ಕಾಲದ 170 ಗ್ರೇನ್ ಮೀರಿದ ಉದ್ದ ಗುಂಡು ಹಾಕಿದರೆ ತೂರಾಡುತ್ತದೆ. ಕಾಗದದಲ್ಲಿ ದುಂಡಗಿನ ತೂತಿನ ಬದಲು ಮೊಟ್ಟೆಯಾಕಾರದ ತೂತು ಬಿದ್ದರೆ ಗುಂಡು ಅಡ್ಡ ತಿರುಗುತ್ತಿದೆ ಎಂದರ್ಥ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕದ ತಾಮ್ರದ ಗುಂಡು ಇನ್ನೂ ಉದ್ದ. ಸೀಸದ ಗುಂಡುಗಳನ್ನು ನಿಷೇಧಿಸಿದ ಕಡೆ ಬೇಟೆಯಾಡುವವರು ಒಂದು ಹೆಜ್ಜೆ ಕಡಿಮೆ ತೂಕಕ್ಕೆ ಇಳಿಯುವುದು ಅದಕ್ಕೇ. ಕೇಸಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. .260 ರೆಮಿಂಗ್ಟನ್ ಕೂಡ ಕ್ರೀಡ್‌ಮೂರ್‌ನಷ್ಟೇ ವ್ಯಾಸದ ಗುಂಡು ಹಾರಿಸುತ್ತದೆ, ಆದರೆ ಅದರ ಕೇಸು 2.035 ಇಂಚು, ಕ್ರೀಡ್‌ಮೂರ್‌ನದು 1.920. ತೋಟೆ ತುಂಬುವ ಮ್ಯಾಗಜೀನ್ ಅಷ್ಟೇ ಇರುವಾಗ ಉದ್ದ ಮೂತಿಗೆ ಜಾಗ ಸಿಗುವುದು ಎರಡನೆಯದರಲ್ಲಿ. 2007ರಲ್ಲಿ ಬಂದ ಕ್ರೀಡ್‌ಮೂರ್‌ನ ಗುಟ್ಟು ದೊಡ್ಡದೇನಲ್ಲ, ಇಷ್ಟೇ.

ನಿಜ ಹೇಳಬೇಕೆಂದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ: ಎಲ್ಲಿಂದಾಚೆ ಹೊಡೆಯಬಾರದು? ಜಿಂಕೆಯ ಎದೆಯಲ್ಲಿ ಹೃದಯ, ಶ್ವಾಸಕೋಶ ಇರುವ ಜಾಗ ಅಡ್ಡಲಾಗಿ 8–10 ಇಂಚು, ಅಂದರೆ ಮಧ್ಯದಿಂದ ಆಚೀಚೆ 4–5. ಗಾಳಿಯನ್ನು ಗಂಟೆಗೆ 5 ಮೈಲಿ ತಪ್ಪಾಗಿ ಅಂದಾಜು ಮಾಡಿದಿರಿ ಅನ್ನಿ. ಕಣಿವೆಯಾಚೆ ಹುಲ್ಲು ಬಾಗುವುದನ್ನು ನೋಡಿ ಲೆಕ್ಕ ಹಾಕುವವರಿಗೆ ಅಷ್ಟು ತಪ್ಪುವುದು ಮಾಮೂಲು. ಮೇಲಿನ 143 ಗ್ರೇನ್ ಗುಂಡು 300 ಗಜದಲ್ಲಿ ಎರಡೂವರೆ ಇಂಚು ಸರಿಯುತ್ತದೆ, ಪರವಾಗಿಲ್ಲ. 500 ಗಜದಲ್ಲಿ ಏಳೂವರೆ ಇಂಚು. ಗುಂಡು ಎದೆ ಬಿಟ್ಟು ಹೊಟ್ಟೆಗೆ ಬಿತ್ತು. ಜೊತೆಗೆ 500 ಗಜ ಕ್ರಮಿಸಲು ಅದಕ್ಕೆ 0.64 ಸೆಕೆಂಡು ಬೇಕು. ಕುದುರೆ (ಟ್ರಿಗರ್) ಎಳೆದ ಮೇಲೆ ಪ್ರಾಣಿ ಒಂದು ಹೆಜ್ಜೆ ಮುಂದಿಟ್ಟರೆ ಸಾಕು. ಯಾವ ತೋಟೆಯೂ ಈ ಹೆಜ್ಜೆಯನ್ನು ತಡೆಯುವುದಿಲ್ಲ.

"ಹಾಗಾದರೆ .300 ವಿಂಚೆಸ್ಟರ್ ಮ್ಯಾಗ್ನಮ್?" 180 ಗ್ರೇನ್ ಗುಂಡು 2960ಕ್ಕೆ ಹೊರಟು 500 ಗಜದಲ್ಲಿ 2070ರ ಆಸುಪಾಸು ಇರುತ್ತದೆ. ಹೆಚ್ಚು ಕಡಿಮೆ ಕ್ರೀಡ್‌ಮೂರ್‌ನದೇ ವೇಗ, ತೂಕ ಜಾಸ್ತಿ. ಎಲ್ಕ್‌ನಂಥ ದೊಡ್ಡ ಪ್ರಾಣಿಗೆ ಆ ತೂಕ ಅನುಕೂಲ. ಜಿಂಕೆಗೆ ಬೇಡ. ಹೆಗಲಿಗೆ ಬೀಳುವ ಒದೆ ಮಾತ್ರ ಸುಮಾರು ಎರಡರಷ್ಟು. ಒದೆಗೆ ಹೆದರಿ ಕಣ್ಣು ಮುಚ್ಚಿ ಕುದುರೆ ಎಳೆಯುವವನಿಗೆ ಬಿ.ಸಿ. ಎಷ್ಟಿದ್ದರೇನು?

ಆರಿಸಿದ ಮೇಲೆ ಪರೀಕ್ಷೆ ಹೀಗೆ ಮಾಡಿ: ಬೆಂಚಿನ ಮೇಲಲ್ಲ, ಕಾಡಲ್ಲಿ ಹೇಗೆ ಕೂರುತ್ತೀರೋ ಹಾಗೆ ಕೂತು, ತಣ್ಣಗಿನ ನಳಿಗೆಯಿಂದ ಒಂದೇ ಈಡು, 8 ಇಂಚಿನ ತಟ್ಟೆಗೆ. ಹತ್ತು ಬೇರೆ ಬೇರೆ ದಿನ. ಹತ್ತೂ ಬಿದ್ದ ದೂರವನ್ನೂ, ಮೇಲೆ ಹೇಳಿದ ವೇಗದ ಗಡಿಯನ್ನೂ ನೋಡಿ. ಕಡಿಮೆ ಯಾವುದೋ ಅದು ನಿಮ್ಮ ದೂರ. ತೋಟೆಗಳನ್ನು ಒಂದೇ ಲಾಟ್ ನಂಬರಿನಲ್ಲಿ, ಅಂದರೆ ಒಂದೇ ಸಲ ತಯಾರಾದ ಕಂತಿನಲ್ಲಿ, ಒಟ್ಟಿಗೆ ಕೊಳ್ಳಿ. ಲಾಟ್ ಬದಲಾದರೆ ವೇಗವೂ ಗುರಿಯೂ ಬದಲಾಗಬಹುದು, ಜೀರೋ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುತ್ತದೆಯೇ ಎಂಬುದನ್ನು, ಮತ್ತೆ ನೋಡಬೇಕು. ಹಳೆಯ ಡಬ್ಬಿಯಲ್ಲಿ ನಾಲ್ಕು ತೋಟೆ ಉಳಿದಿರುವಾಗ "ಅದೇ ಬ್ರ್ಯಾಂಡ್ ತಂದೆ, ಆದರೂ ತಪ್ಪಿತು" ಅಂತ ಫೋನ್ ಮಾಡುವ ಮೊದಲು ಎರಡೂ ಡಬ್ಬಿಗಳ ಮೇಲಿನ ಲಾಟ್ ಅಂಕಿ ಓದಿ.