ಬಾಣಂತಿಯ ಫೆಬ್ರವರಿ ಸಂಬಳ
2024ರ ಫೆಬ್ರವರಿ 29. ಸಂಬಳ ಕ್ರೆಡಿಟ್ ಆಗಿ ಅರ್ಧ ಗಂಟೆಯೂ ಆಗಿರಲಿಲ್ಲ, ಫೋನ್ ಬಂತು. ಆ ಕಡೆ ಮಗು ಅಳುತ್ತಿತ್ತು. "ಮೇಡಂ, ಹೆರಿಗೆ ರಜೆಗೆ ಟ್ಯಾಕ್ಸ್ ಜಾಸ್ತಿನಾ? ಸಂಬಳ ಇಷ್ಟು ಕಡಿಮೆ ಬಂದಿದೆಯಲ್ಲ?"

ಕಂಪನಿಯ ಸಂಬಳದ ಲೆಕ್ಕ ನೋಡುವ ಪೇರೋಲ್ ವಿಭಾಗದಲ್ಲಿರುವ ನನಗೆ ಈ ಪ್ರಶ್ನೆ ಹೊಸದಲ್ಲ. ರಜೆಯ 26 ವಾರ ಕಂಪನಿ ಕೊಡುವುದೂ ಸಂಬಳವೇ, ವಿನಾಯಿತಿಯೂ ಇಲ್ಲ, ಹೆಚ್ಚಿನ ಟ್ಯಾಕ್ಸೂ ಇಲ್ಲ ಅಂತ ಹೇಳುತ್ತಲೇ ಅವರ ಸ್ಲಿಪ್ ತೆಗೆದೆ. ತಿಂಗಳಿಗೆ 2,500ರ ಆಸುಪಾಸು ಹೋಗುತ್ತಿದ್ದ ಟಿಡಿಎಸ್ (ಸಂಬಳದಲ್ಲೇ ಮುರಿದುಕೊಳ್ಳುವ ಟ್ಯಾಕ್ಸ್) 25,000ದ ಹತ್ತಿರ ಇತ್ತು. ನನ್ನ ಮಾತು ಅಲ್ಲೇ ನಿಂತಿತು.

ಏಪ್ರಿಲ್‌ನಲ್ಲಿ ಅವರು ಬಾಡಿಗೆ, ಉಳಿತಾಯಕ್ಕೆಲ್ಲ ವಿನಾಯಿತಿ ಸಿಗುವ ಹಳೇ ಟ್ಯಾಕ್ಸ್ ರೆಜಿಮ್ ಆರಿಸಿ, ಬಾಡಿಗೆ, 80ಸಿ (ಪಿಎಫ್, ಎಲ್‌ಐಸಿಯಂಥ ಉಳಿತಾಯ) ಎಲ್ಲ ಡಿಕ್ಲೇರ್ ಮಾಡಿದ್ದರು. ಪ್ರೂಫ್ ಹಾಕಬೇಕಿದ್ದದ್ದು ಜನವರಿಯಲ್ಲಿ. ಅದೇ ಜನವರಿಯಲ್ಲಿ ಹೆರಿಗೆ. ರಿಮೈಂಡರ್ ಮೂರು ಸಲ ಹೋಗಿತ್ತು, ಮೂರೂ ಆಫೀಸ್ ಮೇಲ್‌ಗೆ. ಲ್ಯಾಪ್‌ಟಾಪನ್ನು ನಾವು ಡಿಸೆಂಬರ್‌ನಲ್ಲೇ ವಾಪಸ್ ಪಡೆದಿದ್ದೆವು! ಪ್ರೂಫ್ ಹಾಕುವ ವಿಂಡೋ ಮುಚ್ಚಿದ ಕೂಡಲೇ ಸಿಸ್ಟಮ್ ಪಿಎಫ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಸೊನ್ನೆ ಮಾಡಿ, ಬಾಕಿ ಟ್ಯಾಕ್ಸನ್ನು ಫೆಬ್ರವರಿ, ಮಾರ್ಚ್ ಎರಡೇ ತಿಂಗಳಿಗೆ ಹಂಚಿತ್ತು.

"ಪ್ರೂಫ್ ಕಳಿಸಿ, ಮಾರ್ಚ್‌ನಲ್ಲಿ ಅಡ್ಜಸ್ಟ್ ಮಾಡ್ತೀನಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ಸರಿ" ಅಂದರು.

ನಾನು ತಪ್ಪಿದ್ದು ಇಲ್ಲೇ. ಮಾರ್ಚ್‌ನಲ್ಲಿ ಎಷ್ಟು ಅಡ್ಜಸ್ಟ್ ಆಗುತ್ತದೆ ಅಂತ ಲೆಕ್ಕ ಹಾಕಲೇ ಇಲ್ಲ. ಫೆಬ್ರವರಿ ಟಿಡಿಎಸ್ ಸರ್ಕಾರಕ್ಕೆ ಕಟ್ಟಲು ಮಾರ್ಚ್ 7ರವರೆಗೆ ಸಮಯವಿತ್ತು, ಅಂದರೆ ಅವರ ದುಡ್ಡು ಒಂದು ವಾರ ನಮ್ಮ ಬಳಿಯೇ ಇತ್ತು. ಅವತ್ತೇ ವಾಟ್ಸಾಪ್‌ನಲ್ಲಿ ಪ್ರೂಫ್ ತರಿಸಿಕೊಂಡು ಆಫ್-ಸೈಕಲ್ ರನ್ (ತಿಂಗಳ ನಡುವೆ ಮತ್ತೊಮ್ಮೆ ಸಂಬಳದ ಲೆಕ್ಕ ಓಡಿಸುವುದು) ಕೇಳಿದ್ದರೆ ವಾಪಸ್ ಹಾಕಬಹುದಿತ್ತು. ಆದರೆ ಆಫ್-ಸೈಕಲ್ ಅಂದರೆ ನಮ್ಮಲ್ಲಿ ಎರಡು ಅಪ್ರೂವಲ್, ವರ್ಷದ ಕೊನೆಯಲ್ಲಿ ಮ್ಯಾನೇಜರ್ ಅದರ ಹೆಸರೆತ್ತಿದರೇ ರೇಗುತ್ತಾರೆ. ನಾನು ಕೇಳಲೇ ಇಲ್ಲ.

ಪ್ರೂಫ್ ಬಂದದ್ದು ಮಾರ್ಚ್ 11ಕ್ಕೆ. ಟಿಡಿಎಸ್ ಚಲನ್ ಆಗಲೇ ಕಟ್ಟಿಯಾಗಿತ್ತು. ಎಂಟ್ರಿ ಹಾಕಿದಾಗ ಇಡೀ ವರ್ಷದ ಟ್ಯಾಕ್ಸ್ 30,000ದೊಳಗೆ ಬಂತು, ಹೋಗಿದ್ದದ್ದು 50,000ದ ಹತ್ತಿರ. ಮಾರ್ಚ್ ಟಿಡಿಎಸ್ ಸೊನ್ನೆ ಮಾಡಿದರೂ ಸುಮಾರು 20,000 ಹೆಚ್ಚಿಗೆ ಹೋಗಿತ್ತು. ಮಗು ಹುಟ್ಟಿದ ಮನೆಯಲ್ಲಿ ಅದು ಸಣ್ಣ ಮೊತ್ತ ಅಲ್ಲ.

ಈ ಸಲ ಫೋನ್ ಮಾಡಿದ್ದು ನಾನು. ತಪ್ಪು ನಮ್ಮದು ಅಂತ ಹೇಳಿದೆ. ಜುಲೈ 31ರೊಳಗೆ ರಿಟರ್ನ್ ಹಾಕಲೇಬೇಕು, ತಡವಾದರೆ ಹಳೇ ರೆಜಿಮ್ ಸಿಗುವುದಿಲ್ಲ, ರೀಫಂಡೂ ಕಡಿಮೆಯಾಗುತ್ತದೆ ಅಂತ ಎರಡು ಸಲ ಹೇಳಿದೆ. ಆಗಲೇ ಅವರು ಜೂನ್‌ನಿಂದ ಎರಡು ತಿಂಗಳು ಸಂಬಳವಿಲ್ಲದ ರಜೆ ಕೇಳುವ ಯೋಚನೆಯಲ್ಲಿದ್ದಾರೆ ಅಂತ ಗೊತ್ತಾಯಿತು. ಸಿಸ್ಟಮ್ ಆ ಎರಡು ತಿಂಗಳ ಸಂಬಳವನ್ನೂ ಸೇರಿಸಿ ಏಪ್ರಿಲ್‌ನಿಂದಲೇ ಟಿಡಿಎಸ್ ಕತ್ತರಿಸುವುದಿತ್ತು. ಹೊಸ ಹಣಕಾಸು ವರ್ಷದ ಸಂಬಳದ ಅಂದಾಜನ್ನು ಹತ್ತು ತಿಂಗಳಿಗೆ ಇಳಿಸಿದೆ.

ಈಗ ಯಾರೇ ಹೆರಿಗೆ ರಜೆಗೆ ಹೊರಟರೂ ಸ್ವಂತ ಮೇಲ್, ಫೋನ್ ನಂಬರ್ ಬರೆದುಕೊಳ್ಳುತ್ತೇನೆ. ಬಾಡಿಗೆ ರಸೀದಿ, ಓನರ್ ಪ್ಯಾನ್, ಎಲ್‌ಐಸಿ ಎಲ್ಲ ಹೋಗುವ ಮೊದಲೇ ತೆಗೆದುಕೊಳ್ಳುತ್ತೇನೆ. ಎಚ್‌ಆರ್ ಚೆಕ್‌ಲಿಸ್ಟ್‌ನಲ್ಲಿ ಇದನ್ನು ಸೇರಿಸಿ ಅಂತ ಮೂರು ಮೇಲ್ ಹಾಕಿದ್ದೇನೆ. ಅದರಲ್ಲಿ ಇವತ್ತಿಗೂ ಇರುವುದು ಲ್ಯಾಪ್‌ಟಾಪ್, ಚಾರ್ಜರ್, ಐಡಿ ಕಾರ್ಡ್.

ಅವರ ರೀಫಂಡ್ ಬಂದಾಗ ಮಗುವಿಗೆ ಎಂಟು ತಿಂಗಳು.