ಆರ್‌ಸಿ ಕಾರ್ ಒಂದ ಕಡೆ ಎಳ್ಯಾಕತ್ರ ಮೊದ್ಲ ಗಾಲಿ ನೋಡ್ರಿ

ನಮ್ಮಣ್ಣನ ಮಗನ, ರಿಮೋಟಿಂದ ಓಡ್ಸೋ ಆರ್‌ಸಿ ಕಾರ್ ನೆಟ್ಟಗ ಓಡವಲ್ದಾಗಿತ್ತು, ಬಿಟ್ರ ಸಾಕು ಎಡಕ್ಕ ಎಳ್ಯೋದು, ಸ್ವಲ್ಪ ದೂರ ಹೋಗಿ ಜರ್ಕ್ ಹೊಡ್ಯೋದು. ಕಾಕಾ ಮೋಟಾರ್ ಸುಟ್ಟೈತೇನೋ ಅಂತ ಹುಡುಗನ ಮಾರಿ ಸಣ್ಣ ಆಗಿತ್ತು. ಮೋಟಾರಿಗೆ ಕೈ ಹಚ್ಚೋಕಿಂತ ಮೊದ್ಲ ಬ್ಯಾಟರಿ ನೋಡ್ರಿ, 7.4 ವೋಲ್ಟಿನ ಲೈಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಫುಲ್ ಚಾರ್ಜ್ ಆದ್ರ 8.4 ತೋರಿಸ್ಬೇಕು. ನಮ್ದು ಬರೋಬ್ಬರಿ ಇತ್ತು.

ಆಮ್ಯಾಲೆ ಕಾರ್ ಎತ್ತಿ ಹಿಡದು ಒಂದೊಂದ ಗಾಲಿ ಬೆರಳಿಂದ ತಿರುಗಿಸಿದ್ವಿ, ಮುಂದಿನ ಎಡಗಾಲಿ ಬಿಗಿ! ಧಾರವಾಡದ ಎರಿಮಣ್ಣು ಗೊತ್ತಲ್ರಿ, ಹಸಿ ಇದ್ದಾಗ ಅಂಟಿ ಒಣಗಿದ್ರ ಕಲ್ಲಾಗ್ತೈತಿ, ಅದರಾಗ ಉದ್ದನ್ನ ಕೂದ್ಲಾ ಬ್ಯಾರೆ ಆಕ್ಸಲ್‌ಗೆ ಸುತ್ಕೊಂಡು ಬೇರಿಂಗ್ ತನಕಾ ಹೊಕ್ಕಿತ್ತು. ಚಿಮಟಾದಿಂದ ಎಳಿ ಎಳಿ ಬಿಡಿಸಿ, ಹಳೇ ಹಲ್ಲುಜ್ಜೋ ಬ್ರಷ್‌ಲೇ ಒಣಾನ ತಿಕ್ಕಿದ್ವಿ. ನೀರ ಮಾತ್ರ ಹಾಕಬ್ಯಾಡ್ರಿ, ಬೇರಿಂಗ್ ಜಂಗ ಹಿಡೀತಾವ.

ಇನ್ನೂ ಚೂರು ಎಳೀತಿತ್ತು, ರಿಮೋಟಿನ ಸ್ಟೀರಿಂಗ್ ಟ್ರಿಮ್ (ಗಾಲಿ ನೆಟ್ಟಗ ಕೂರಿಸೋ ಸಣ್ಣ ಗುಂಡಿ) ಸ್ವಲ್ಪ ಬಲಕ್ಕ ತಿರುವಿದ್ಮ್ಯಾಲೆ ಸರಿ ಆತು. ಜರ್ಕಿಗೆ ಕಾರಣ ಬ್ಯಾರೇನ, ಮೋಟಾರ್ ಸ್ಕ್ರೂ ಸಡ್ಲಾಗಿ ಪಿನಿಯನ್ನು (ಮೋಟಾರಿನ ಸಣ್ಣ ಗೇರು) ಅದು ತಿರುಗ್ಸೋ ದೊಡ್ಡ ಸ್ಪರ್ ಗೇರಿಂದ ಸರದಿತ್ತು. ಎರಡರ ನಡುವ ಒಂದ ತೆಳು ಕಾಗದ ಇಟ್ಟು ಮೋಟಾರ್ ಒತ್ತಿ ಹಿಡದು ಸ್ಕ್ರೂ ಬಿಗಿ ಮಾಡ್ರಿ, ಕಾಗದ ತಗದ್ರ ಬೇಕಾದಷ್ಟ ಸಂದಿ ಉಳೀತೈತಿ, ಭಾಳ ಒತ್ತಿ ಕೂರಿಸಿದ್ರೂ ಗೇರಿನ ಹಲ್ಲು ಲಗೂನ ಸವೀತಾವ.