ದಾವಣಗೆರೆಯ ಮೇಷ್ಟ್ರುಗಳಿಗೆ, ಇಂಗ್ಲೆಂಡಿನ ಕ್ಲಾಸಿನಿಂದ

ಬೇಸಿಗೆ ಬಂದರೆ ಇಲ್ಲಿನ ಯೂನಿವರ್ಸಿಟಿಗಳಲ್ಲಿ ಪ್ರೀ-ಸೆಷನಲ್ ಅಂತ ಒಂದು ಕೋರ್ಸ್ ನಡೆಯುತ್ತದೆ. ಆಮೇಲೆ ಮಾಸ್ಟರ್ಸ್ ಸೇರುವ ಚೀನಾ, ಸೌದಿ, ಥಾಯ್ಲೆಂಡ್ ಹುಡುಗರಿಗೆ ಇಂಗ್ಲಿಷ್ ಕೇಳುವುದು, ಮಾತಾಡುವುದು ಕಲಿಸುವ ಕೆಲಸ ನನ್ನದು. ಊರಲ್ಲಿ ಕಾಲೇಜು ಮೇಷ್ಟ್ರಾಗಿರುವ ಗೆಳೆಯರು ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ: ನಮ್ಮ ಹುಡುಗರು ಬಾಯೇ ಬಿಡಲ್ಲ, ನೀವು ಹೇಗೆ ಮಾತಾಡಿಸ್ತೀರಿ?

ಇವರೂ ಬಿಡುವುದಿಲ್ಲ ಕಣ್ರೀ. ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆದೇ ಬಂದಿರುತ್ತಾರೆ. ಆದರೆ ಅಲ್ಲಿ ಸ್ಪೀಕಿಂಗ್ ಅಂದರೆ 11ರಿಂದ 14 ನಿಮಿಷ, ಎದುರಿಗೆ ಒಬ್ಬರೇ ಪರೀಕ್ಷಕರು, ಕೇಳಿದ್ದಕ್ಕೆ ಉತ್ತರ ಹೇಳಿದರೆ ಮುಗಿಯಿತು. ಸೆಮಿನಾರಿನಲ್ಲಿ ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ನಡುವೆ ಬಾಯಿ ಹಾಕಬೇಕು, ಅದಕ್ಕೂ ಮೊದಲು ಅವರು ಏನಂದರು ಅಂತ ಗೊತ್ತಾಗಬೇಕು ಅಲ್ವಾ.

ತೊಡಕಿರುವುದು ಕಿವಿಯಲ್ಲೇ. 'ಶುಡ್ ಹ್ಯಾವ್ ಬೀನ್' ಪುಸ್ತಕದಲ್ಲಿ ಎಲ್ಲರಿಗೂ ಗೊತ್ತು, ಪ್ರೊಫೆಸರ್ ಬಾಯಲ್ಲಿ ಅದು 'ಶುಡಬಿನ್' ಆಗಿ ಹಾರಿಹೋಗುತ್ತದೆ. ಕ್ಲಾಸಿನಲ್ಲಿ ಆಡಿಯೋ ಹಾಕಿ, ಹತ್ತು ಪ್ರಶ್ನೆ ಕೇಳಿ, ಮಾರ್ಕ್ಸ್ ಕೊಟ್ಟು ಪಾಠ ಮಾಡಿದೆವು ಅಂದುಕೊಳ್ಳುತ್ತೇವೆ. ಯಾಕೆ ಕೇಳಿಸಲಿಲ್ಲ ಅನ್ನುವುದು ಹಾಗೇ ಉಳಿಯುತ್ತದೆ. ನಾನು ಸಣ್ಣದೊಂದು ತುಣುಕನ್ನು ಮಾಮೂಲಿ ವೇಗದಲ್ಲೇ ಎರಡು ಸಲ ಓದುತ್ತೇನೆ, ಅವರು ಸಿಕ್ಕಷ್ಟು ಪದ ಬರೆದುಕೊಂಡು ಗುಂಪಿನಲ್ಲಿ ಕೂತು ಇಡೀ ಮಾತನ್ನು ಮತ್ತೆ ಕಟ್ಟುತ್ತಾರೆ. ಡಿಕ್ಟೋಗ್ಲಾಸ್ ಅಂತ ಇದರ ಹೆಸರು. ಆಮೇಲೆ ಮೂಲ ಕೈಗೆ ಕೊಟ್ಟರೆ ತಪ್ಪಿಹೋದದ್ದು ಕಣ್ಣಿಗೆ ಬೀಳುತ್ತದೆ, ಬಹಳ ಸಲ ಅವು ಕಷ್ಟದ ಪದಗಳೇ ಅಲ್ಲ, ಆಫ್, ಹ್ಯಾವ್, ಟು ಇಂಥವು. ಮಜಾ ಅಂದರೆ, ಯಾರ ಸಾಲು ಸರಿ ಅಂತ ಜಗಳ ಆಡುತ್ತಲೇ ಅರ್ಧ ಗಂಟೆ ಇಂಗ್ಲಿಷ್ ಮಾತಾಡಿರುತ್ತಾರೆ.

ಮಾತಿಗೆ 4-3-2 ಅಂತ ಹಳೆಯ ಪಟ್ಟು ಇದೆ. ಒಂದೇ ವಿಷಯವನ್ನು ಒಬ್ಬರಿಗೆ 4 ನಿಮಿಷ ಹೇಳಬೇಕು, ಜೋಡಿ ಬದಲಿಸಿ ಇನ್ನೊಬ್ಬರಿಗೆ 3, ಮತ್ತೊಬ್ಬರಿಗೆ 2. ಕೇಳುವವರು ಹೊಸಬರಾದ್ದರಿಂದ ಹೇಳಿದ್ದನ್ನೇ ಹೇಳಲು ಬೇಜಾರಿಲ್ಲ, ಮೂರನೇ ಸಲಕ್ಕೆ ತಡವರಿಕೆ ಕಮ್ಮಿಯಾಗಿರುತ್ತದೆ. ನಡುವೆ ತಪ್ಪು ತಿದ್ದಲು ಹೋಗಬೇಡಿ. ಅದೊಂದು ಚಟ ನಮ್ಮಂಥ ಮೇಷ್ಟ್ರುಗಳಿಗೆ!

ನಿಮ್ಮಲ್ಲಿ ಕ್ಲಾಸಿಗೆ ಎಂಬತ್ತು ಜನ ಅಂತೀರಿ. ಇರಲಿ ಬಿಡಿ, ಒಂದೇ ಹೊತ್ತಿಗೆ ನಲವತ್ತು ಜನ ಮಾತಾಡುತ್ತಾರೆ. ವಿಷಯ ಮಾತ್ರ ಭಾರಿ ಕೊಡಬೇಡಿ. ಗ್ಲೋಬಲ್ ವಾರ್ಮಿಂಗ್ ಅಂದರೆ ತಲೆ ತಗ್ಗಿಸಿ ಕೂರುತ್ತಾರೆ, ಬೆಣ್ಣೆ ದೋಸೆ ಯಾವ ಹೋಟೆಲಿನದು ಚೆನ್ನ ಅಂತ ಕೇಳಿದರೆ ಸುಮ್ನಿರುವ ದಾವಣಗೆರೆ ಹುಡುಗ ಇನ್ನೂ ಹುಟ್ಟಿಲ್ಲ. ಗಲಾಟೆ ಜಾಸ್ತಿಯೇ ಆಗುತ್ತದೆ, ಪಕ್ಕದ ಕ್ಲಾಸಿನವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಿ.